ಬ್ಯಾರೆಟ್ ಮನೆಯ ಬೆಂಕಿ

ಸಬೀನಾ ಲವೆಲ್ ಕಳೆದ ಮಂಗಳವಾರ ಬೆಳಗ್ಗೆ ತೀರಿಕೊಂಡಳು. ಅರವತ್ತೆಂಟು ವರ್ಷವಾಗಿತ್ತು. ಜಿಲ್ಲೆಯ ಪತ್ರಿಕೆಯಲ್ಲಿ ಮೂರು ಸಾಲು ಬಂತು: ದೂನ್‌ಕಾರಾದ ಆಸ್ಟಿನ್ ಲವೆಲ್‌ನ ಹೆಂಡತಿ, ನಾಲ್ಕು ಮಕ್ಕಳ ತಾಯಿ, ದೈವಭಕ್ತೆ. ಮೂರೂ ನಿಜ. ಆದರೆ ಅವಳನ್ನು ಬಲ್ಲವರು ಆ ಸಾಲುಗಳನ್ನು ಓದಿ ಪತ್ರಿಕೆ ಮಡಿಸಿಟ್ಟರು. ಅವಳ ವಿಷಯದಲ್ಲಿ ಹೇಳಬೇಕಾದ್ದು ಅದರಲ್ಲಿ ಇರಲಿಲ್ಲ.

ಹೇಳಬೇಕಾದ್ದು ಬೆಂಕಿಯ ವಿಷಯ.

ಅವಳು ದೊಡ್ಡ ಪ್ಯಾಡಿಯ ಮಗಳು. ತಂದೆಯ ಅಗಲವಾದ ಅಂಗೈ, ತಾಯಿಯ ಮೊಂಡು ಗಲ್ಲ ಎರಡೂ ಬಂದಿದ್ದವು. ಮಾತು ಕಡಿಮೆ, ಆದರೆ ಆಡಿದ್ದು ಆಡಿದ್ದೇ. ಹತ್ತು ಗಂಟೆಗೆ ಬರುತ್ತೇನೆ ಎಂದರೆ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದು, ಗೇಟಿನ ಹೊರಗೆ ಕೈಕಟ್ಟಿ ನಿಂತು, ಹತ್ತಾದ ಮೇಲೆ ಒಳಗೆ ಕಾಲಿಡುವವಳು. ಮದುವೆಯಾಗಿ ಲವೆಲ್ ಮನೆಗೆ ಬಂದ ಮೊದಲ ವಾರವೇ ಆಸ್ಟಿನ್ ಗೆಳೆಯರ ಹತ್ತಿರ, ನಾನು ಹೆಂಡತಿ ತರೋಕೆ ಹೋಗಿ ಚರ್ಚಿನ ಗಡಿಯಾರ ತಂದ್ಬಿಟ್ಟೆ ಎಂದು ಹೇಳಿಕೊಂಡು ನಕ್ಕಿದ್ದ. ಆ ಮಾತು ಅವಳ ಕಿವಿಗೆ ಬಿತ್ತು. ಅವಳೂ ನಕ್ಕಳು, ಆದರೆ ಮಾರನೆಯ ದಿನವೂ ಊಟ ಹನ್ನೆರಡೂವರೆಗೇ ಬಿತ್ತು.

ಪಕ್ಕದ ಮನೆ ಬ್ಯಾರೆಟ್‌ಗಳದು. ಮೈಲ್ಸ್ ಬ್ಯಾರೆಟ್, ಅವನ ಹೆಂಡತಿ ಡೀಲಿಯಾ, ಮೂರು ಹೆಣ್ಣುಮಕ್ಕಳು. ಎರಡು ಮನೆಗಳ ನಡುವೆ ಒಂದು ಕಲ್ಲಿನ ಗೋಡೆ, ಆ ಗೋಡೆಯಲ್ಲಿ ಡೀಲಿಯಾ ದಾಟಿ ದಾಟಿ ಬಿದ್ದುಹೋದ ಒಂದು ಕಂಡಿ. ಸಬೀನಾಗಿಂತ ಡೀಲಿಯಾ ನಾಲ್ಕು ವರ್ಷ ದೊಡ್ಡವಳು, ಹತ್ತು ಪಟ್ಟು ಮಾತಿನವಳು. ಇಬ್ಬರಿಗೂ ಹೇಗೆ ಹೊಂದಿತು ಎಂದು ಊರಿಗೆ ಆಶ್ಚರ್ಯವಾಗಿತ್ತು. ಒಬ್ಬಳು ಮಾತಾಡಬೇಕಾದರೆ ಇನ್ನೊಬ್ಬಳು ಕೇಳಬೇಕಲ್ಲ ಎಂದು ಆಸ್ಟಿನ್ ಅದನ್ನೂ ಒಂದೇ ಮಾತಿನಲ್ಲಿ ಮುಗಿಸಿದ್ದ.

೧೯೨೭ರ ಏಪ್ರಿಲ್‌ನಲ್ಲಿ ಬ್ಯಾರೆಟ್‌ಗಳು ಅಮೆರಿಕಕ್ಕೆ ಹೊರಟರು. ಮೈಲ್ಸ್‌ನ ಅಣ್ಣ ಕ್ಲೀವ್‌ಲ್ಯಾಂಡ್‌ನ ಉಕ್ಕಿನ ಕಾರ್ಖಾನೆಯಲ್ಲಿದ್ದ. ಅವನೇ ಟಿಕೆಟ್ ಕಳಿಸಿದ್ದ. ಹೊರಡುವ ಹಿಂದಿನ ರಾತ್ರಿ, ಸತ್ತವರ ಹೆಣದ ಬಳಿ ಕೂರುವಂತೆ ಊರೆಲ್ಲ ಬಂದು ಕೂತಿತು, ಹಾಡಿತು, ಕುಣಿಯಿತು. ಕುಣಿತದ ನಡುವೆ ಮುದುಕಿಯರು ಅತ್ತರು. ಹೋದವರು ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಎರಡು ವರ್ಷದಲ್ಲಿ ಬಂದುಬಿಡ್ತೀರಿ ಬಿಡಿ ಎಂದೇ ಹೇಳಿದರು.

ಬೆಳಗಾದ ಮೇಲೆ ಡೀಲಿಯಾ ಕಂಡಿ ದಾಟಿ ಬಂದಳು. ಕೈಯಲ್ಲಿ ಮೂರು ಕಾಲಿನ ಕಬ್ಬಿಣದ ಪಾತ್ರೆ, ಅದರೊಳಗೆ ಬೂದಿ ಮುಚ್ಚಿದ ಕೆಂಡ. ಅಂದು ಅವಳು ಒಂದು ಮಾತೂ ಆಡದೆ ಬಂದದ್ದನ್ನು ನೋಡಿ ಸಬೀನಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು.

ನಮ್ಮ ಕಡೆ ಮನೆ ಮುಚ್ಚಿ ಹೋಗುವವರು ಒಲೆಯ ಬೆಂಕಿಯನ್ನು ನೀರು ಹಾಕಿ ಆರಿಸುವುದಿಲ್ಲ. ನೆರೆಮನೆಯ ಒಲೆಗೆ ತಂದು ಸೇರಿಸುತ್ತಾರೆ. ಬಂದ ದಿನ ಅಲ್ಲಿಂದ ತೆಗೆದುಕೊಂಡು ಹೋಗುತ್ತಾರೆ. ಬ್ಯಾರೆಟ್ ಮನೆಯ ಬೆಂಕಿ ಮೈಲ್ಸ್‌ನ ಮುತ್ತಜ್ಜನ ಕಾಲದ್ದು. ಹಸಿವಿನ ವರ್ಷಗಳಲ್ಲಿ, ಬೇಯಿಸಲು ಒಂದು ಆಲೂಗಡ್ಡೆ ಇಲ್ಲದಾಗಲೂ, ಮನೆಯಲ್ಲಿ ಉಸಿರಿದೆ ಎಂದು ಕಾಣಲಿ ಎಂದು ಆ ಮುತ್ತಜ್ಜನ ಹೆಂಡತಿ ಒಲೆಯ ಮೇಲೆ ಬರೀ ನೀರು ಕುದಿಸುತ್ತಿದ್ದಳಂತೆ. ಆ ಬೆಂಕಿ ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಆರಿರಲಿಲ್ಲ.

"ಇಟ್ಕೋ," ಅಂದಳು ಡೀಲಿಯಾ. "ನಾವು ಬರೋತನಕ."

"ಇಟ್ಕೋತೀನಿ."

"ನಿನ್ನ ಬೆಂಕಿ ಜೊತೆ ಹಾಕ್ಬಿಡು. ಎಲ್ರೂ ಹಾಗೇ ಮಾಡೋದು."

ಸಬೀನಾ ಪಾತ್ರೆಯನ್ನು ಕೈಗೆ ತೆಗೆದುಕೊಂಡಳು. "ಆಮೇಲೆ ನೀನು ಬಂದು ಕೇಳ್ದಾಗ ಯಾವುದನ್ನ ತೆಗ್ದು ಕೊಡ್ಲಿ? ನಂದನ್ನಾ?"

ಡೀಲಿಯಾ ಅಳುತ್ತಲೇ ನಕ್ಕಳು. ಸಬೀನಾ ನಗಲಿಲ್ಲ. ಒಲೆಯ ಎಡಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು ಸರಿಸಿ ಜಾಗ ಮಾಡಿದಳು, ಪಾತ್ರೆಯ ಕೆಂಡವನ್ನು ಅಲ್ಲಿ ಸುರಿದಳು, ಉರುವಲಿಗೆ ಒಂದು ಒಣ ಹೆಂಟೆ ಇಟ್ಟಳು.

ಅಂದಿನಿಂದ ಲವೆಲ್ ಮನೆಯ ಒಲೆಯಲ್ಲಿ ಎರಡು ಬೆಂಕಿ. ಬಲಕ್ಕೆ ಲವೆಲ್‌ಗಳದು, ಎಡಕ್ಕೆ ಬ್ಯಾರೆಟ್‌ಗಳದು, ನಡುವೆ ಒಂದೂವರೆ ಗೇಣಿನ ಕಲ್ಲು. ದಿನವೂ ಮಲಗುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ಬೂದಿಯಲ್ಲಿ ಮುಚ್ಚುವುದು, ಎರಡಕ್ಕೂ ಬೇರೆ ಬೇರೆಯಾಗಿ ಒಲೆ ಕಾಯುವ ಸಂತ ಬ್ರಿಜೆಟ್‌ಳ ಹೆಸರು ಹೇಳುವುದು, ಬೆಳಗ್ಗೆ ಎರಡನ್ನೂ ಬೇರೆ ಬೇರೆಯಾಗಿ ಕೆದಕಿ ಊದುವುದು. ಬ್ಯಾರೆಟ್ ಬೆಂಕಿಯನ್ನು ಅವಳಲ್ಲದೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅತ್ತೆ ಒಮ್ಮೆ ಇಕ್ಕಳ ಚಾಚಿದ್ದಕ್ಕೆ ಮನೆಯಲ್ಲಿ ಮೂರು ದಿನ ಮಾತು ನಿಂತಿತ್ತು. ಒಪ್ಪಿಕೊಂಡವಳು ನಾನು, ನೋಡಿಕೊಳ್ಳಬೇಕಾದವಳೂ ನಾನು ಎಂಬುದು ಅವಳ ಲೆಕ್ಕ.

ಊರಿಗೆ ಇದು ತಮಾಷೆಯಾಯಿತು. ಚರ್ಚಿನ ಹೊರಗೆ ನಿಂತ ಗಂಡಸರು ಆಸ್ಟಿನ್‌ನನ್ನು ಕಂಡ ಕೂಡಲೇ, ಎಡಗಡೆಯವರೆಲ್ಲ ಕ್ಷೇಮವಾ ಎಂದು ಕೇಳುತ್ತಿದ್ದರು. ಅವನೇನು ಕಡಿಮೆಯವನಲ್ಲ. ಕ್ಷೇಮ, ಆದ್ರೆ ಊಟಕ್ಕೆ ಮಾತ್ರ ನಮ್ಮನ್ನೇ ನಂಬ್ಕೊಂಡಿದ್ದಾರೆ ಎನ್ನುತ್ತಿದ್ದ. ನಿಜಕ್ಕೂ ಅದು ದುಬಾರಿ ಊಟವೇ. ಇಲ್ಲಿ ಸೌದೆಯ ಕಾಡಿಲ್ಲ. ಜೌಗಿನಲ್ಲಿ ಕಡಿದು, ಬೇಸಿಗೆಯಿಡೀ ಒಣಗಿಸಿ, ಕತ್ತೆಯ ಬೆನ್ನಿನ ಮೇಲೆ ಮನೆಗೆ ತಂದ ಟರ್ಫ್ ಎಂಬ ಮಣ್ಣಿನ ಹೆಂಟೆಗಳೇ ಉರುವಲು. ಎರಡನೆಯ ಬೆಂಕಿಗಾಗಿ ಪ್ರತಿವರ್ಷ ಆಸ್ಟಿನ್ ನಾಲ್ಕು ದಿನ ಹೆಚ್ಚಿಗೆ ಜೌಗಿನಲ್ಲಿ ಬಗ್ಗಿದ. ಗೊಣಗಿದ. ಆದರೆ ಒಂದು ವರ್ಷವೂ ತಪ್ಪಿಸಲಿಲ್ಲ. ಬೇರೆ ಊರಿನವನೊಬ್ಬ ಸಂತೆಯಲ್ಲಿ ಇದನ್ನು ಕೇಳಿ ಹೆಂಗಸಿನ ಹುಚ್ಚು ಎಂದಾಗ, ಆಸ್ಟಿನ್ ಅವನ ಮುಂದೆ ಗ್ಲಾಸು ಇಟ್ಟು, "ಇಪ್ಪತ್ತು ಮನೆ ಇರೋ ಊರಲ್ಲಿ ಇಪ್ಪತ್ತೊಂದು ಬೆಂಕಿ ಇರೋದು ನಮ್ಮೂರಲ್ಲಿ ಮಾತ್ರ. ನಿಮ್ಮೂರಲ್ಲಿ ಎಷ್ಟು?" ಎಂದು ಕೇಳಿದ್ದನಂತೆ.

ಕ್ಲೀವ್‌ಲ್ಯಾಂಡ್‌ನಿಂದ ಕಾಗದಗಳು ಬರುತ್ತಿದ್ದವು. ಕಾಗದ ಬಂದ ದಿನ ಸಬೀನಾ ಕುರ್ಚಿಯನ್ನು ಎಡಕ್ಕೆ ಎಳೆದು ಕೂತು ಓದುತ್ತಿದ್ದಳು. ಮೈಲ್ಸ್‌ಗೆ ಕುಲುಮೆಯ ಕೆಲಸ ಸಿಕ್ಕಿದ್ದು, ದೊಡ್ಡ ಮಗಳ ಮದುವೆ ಆದದ್ದು, ಕಾರ್ಖಾನೆ ಮುಚ್ಚಿ ಒಂದು ವರ್ಷ ಕೈ ಕಟ್ಟಿ ಕೂತದ್ದು. ಡೀಲಿಯಾ ಬರೆದದ್ದು ಮಾತಾಡಿದ ಹಾಗೇ ಇರುತ್ತಿತ್ತು, ಎಲ್ಲಿಯೂ ಚುಕ್ಕೆ ಇಲ್ಲ. ಸಬೀನಾಳ ಉತ್ತರ ಯಾವಾಗಲೂ ಅರ್ಧ ಪುಟ. ಕೊನೆಯ ಸಾಲು ಇಪ್ಪತ್ತು ವರ್ಷವೂ ಒಂದೇ: ನಿಮ್ಮ ಬೆಂಕಿ ಉರಿಯುತ್ತಿದೆ.

ಈ ಇಪ್ಪತ್ತು ವರ್ಷದಲ್ಲಿ ಅವಳು ನಾಲ್ಕು ಹೆತ್ತಳು, ಅತ್ತೆ ಮಾವನನ್ನು ಮಣ್ಣು ಮಾಡಿದಳು, ಇಬ್ಬರು ಗಂಡುಮಕ್ಕಳನ್ನು ದುಡಿಯಲು ಸಮುದ್ರದಾಚೆ ಕವೆಂಟ್ರಿಗೆ ಕಳಿಸಿಕೊಟ್ಟಳು. ಊರು ತೆಳ್ಳಗಾಗುತ್ತ ಬಂತು. ೧೯೪೭ರ ಚಳಿಗಾಲದಲ್ಲಿ ಬಿದ್ದ ಹಿಮವನ್ನು ಕಂಡವರು ಈಗಲೂ ಮರೆತಿಲ್ಲ. ಹಿಂದಿನ ಬೇಸಿಗೆಯಿಡೀ ಮಳೆ ಸುರಿದು ಟರ್ಫ್ ಒಣಗಿರಲಿಲ್ಲ. ಆರು ವಾರ ಬಾಗಿಲು ತೆರೆಯಲಾಗದ ಹಾಗೆ ಹಿಮ. ಲವೆಲ್ ಮನೆಯಲ್ಲಿ ಮೊದಲು ಕೋಳಿಗೂಡಿನ ಹಲಗೆ ಹೋಯಿತು, ಆಮೇಲೆ ಬೆಂಚು, ಆಮೇಲೆ ಆಸ್ಟಿನ್‌ನ ಹಳೆಯ ದೋಣಿಯ ಹುಟ್ಟುಗಳು. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು. ಎರಡು ಬೆಂಕಿಯೂ ಉಳಿದವು.

ಹಿಮ ಕರಗುವ ಹೊತ್ತಿಗೆ ಡೀಲಿಯಾಳ ಕಾಗದ ಬಂತು. ಮೈಲ್ಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮಕ್ಕಳು ಅಲ್ಲಿಯವರಾಗಿದ್ದರು. ಕಾಗದ ಚಿಕ್ಕದಾಗಿತ್ತು, ಚುಕ್ಕೆಗಳಿದ್ದವು. ಮನೆಗೆ ಬರ್ತಾ ಇದ್ದೀನಿ ಸಬೀನಾ. ಮೇ ಎರಡನೆಯ ತಾರೀಕು ಮಧ್ಯಾಹ್ನದ ಬಸ್ಸಿಗೆ.

ಹೋದವರು ತಿರುಗಿ ಬರುವ ಊರು ನಮ್ಮದಲ್ಲ. ಆ ಸುದ್ದಿಗೆ ಇಡೀ ದೂನ್‌ಕಾರಾ ಸೊಂಟ ಕಟ್ಟಿ ನಿಂತಿತು. ಬ್ಯಾರೆಟ್ ಮನೆಯ ಸೂರು ಅರ್ಧ ಕುಸಿದಿತ್ತು. ಗಂಡಸರು ಸೇರಿ ಹೊಸ ಹುಲ್ಲು ಹೊದಿಸಿದರು, ಹೆಂಗಸರು ಸುಣ್ಣ ಬಳಿದರು. ಸಬೀನಾ ಒಬ್ಬಳೇ ಮೂವರ ಕೆಲಸ ಮಾಡಿದಳು. ಒಲೆಯ ಕಲ್ಲುಗಳನ್ನು ಮಂಡಿಯೂರಿ ಉಜ್ಜಿದಳು, ಹೊಗೆಗೂಡಿನಿಂದ ಹಕ್ಕಿಗೂಡು ಕಿತ್ತಳು, ಕೆಲಸದವರಿಗೆಲ್ಲ ಬ್ರೆಡ್ಡು ಸುಟ್ಟು ಟೀ ಕಾಯಿಸಿ ಹೊತ್ತಳು. ಏಪ್ರಿಲ್ ಮೂವತ್ತರ ಸಂಜೆ ಎಲ್ಲ ಮುಗಿಯಿತು. ಮನೆಗೆ ಬಂದು ಒಂದು ನಿಮಿಷ ಎಂದು ಕುರ್ಚಿಯಲ್ಲಿ ಕೂತವಳು ಕೂತಲ್ಲೇ ನಿದ್ದೆಹೋದಳು. ಆಸ್ಟಿನ್ ಅವಳ ಷೂ ಬಿಚ್ಚಿ, ಮಂಚದ ಮೇಲೆ ಮಲಗಿಸಿ, ಬಲಗಡೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿದ. ಎಡಗಡೆಯದನ್ನು ನೋಡಿದ. ಇಕ್ಕಳವನ್ನು ಅದರ ಜಾಗದಲ್ಲಿಟ್ಟು ತಾನೂ ಮಲಗಿದ.

ಬೆಳಗ್ಗೆ ಸಬೀನಾ ಎದ್ದು ಒಲೆಯ ಮುಂದೆ ಕೂತಳು. ಬಲಗಡೆ ಕೆದಕಿದಾಗ ಕೆಂಪು ಕಂಡಿತು. ಎಡಗಡೆ ತಳದವರೆಗೂ ಬೂದಿ. ಅಂಗೈ ಇಟ್ಟು ನೋಡಿದಳು. ಕಲ್ಲು ಕೂಡ ತಣ್ಣಗಿತ್ತು.

ಆಸ್ಟಿನ್ ಎದ್ದು ಬಂದಾಗ ಅವಳು ಕೈಯನ್ನು ಇನ್ನೂ ಅಲ್ಲಿಂದ ತೆಗೆದಿರಲಿಲ್ಲ.

"ನಾನು ಮುಟ್ಲಿಲ್ಲ," ಅಂದ. "ಯಾರೂ ಮುಟ್ಬಾರ್ದು ಅಂದಿದ್ಯಲ್ಲ ನೀನು."

"ಅಂದಿದ್ದೆ."

"ಎಬ್ಬಿಸ್ಬೇಕಿತ್ತು ನಿನ್ನ. ಪಾಪ ಸುಸ್ತಾಗಿದೆ ಅಂತ..."

"ನಿಂದೇನೂ ತಪ್ಪಿಲ್ಲ ಬಿಡು."

ಅವನು ಅವಳ ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕೂತ. ಆಮೇಲೆ ಮೆಲ್ಲಗೆ, ಬಲಗಡೆಯಿಂದ ನಾಲ್ಕು ಕೆಂಡ ಈ ಕಡೆ ಸರಿಸಿದರೆ ಆಯಿತಲ್ಲ, ಬೆಂಕಿಗೇನು ಹೆಸರು ಬರೆದಿರುತ್ತದೆಯೇ ಎಂದ. ಮನೆಯಲ್ಲಿ ಎದ್ದಿರುವವರು ನಾವಿಬ್ಬರೇ, ನಾನಂತೂ ಬಾಯಿ ಬಿಡುವುದಿಲ್ಲ ಎಂದ. ಹೆಂಡತಿಯ ಮುಖ ನೋಡಲಾಗದೆ ಆಡಿದ ಮಾತು ಅದು, ಮೋಸದ ಮಾತಲ್ಲ. ಸಬೀನಾ ಬಲಗಡೆಯ ಕೆಂಡವನ್ನು ನೋಡಿದಳು. ಇಕ್ಕಳ ಕೈಗೂ ತೆಗೆದುಕೊಂಡಳು. ಒಂದೂವರೆ ಗೇಣು ದೂರ, ಅಷ್ಟೇ. ಮಾರನೆಯ ದಿನ ಡೀಲಿಯಾ ಬಂದು ಪಾತ್ರೆ ಒಡ್ಡುತ್ತಾಳೆ, ತಾನು ಲವೆಲ್ ಮನೆಯ ಕೆಂಡ ಹಾಕುತ್ತೇನೆ, ಅವಳು ಕಣ್ಣೊರೆಸಿಕೊಂಡು ಅದನ್ನು ತನ್ನ ಗಂಡನ ಮುತ್ತಜ್ಜಿಯ ಬೆಂಕಿ ಎಂದು ಒಯ್ಯುತ್ತಾಳೆ, ಸಾಯುವವರೆಗೂ ಹಾಗೆಂದೇ ತಿಳಿದಿರುತ್ತಾಳೆ. ಗೋಡೆಯ ಆಚೆಗೆ ಅವಳು, ಈಚೆಗೆ ತಾನು.

ಇಕ್ಕಳ ಕೆಳಗಿಟ್ಟಳು.

ಆಗ ಅವಳಿಗೆ ಮಾರ್ಸೆಲಾ ನೆನಪಾದಳು. ಮೈಲ್ಸ್‌ನ ಅಕ್ಕ. ಐವತ್ತು ವರ್ಷದ ಹಿಂದೆ ಇನಿಶ್‌ಬಾನ್ ದ್ವೀಪಕ್ಕೆ ಮದುವೆಯಾಗಿ ಹೋದವಳು. ಅವಳ ಗಂಡ ಹೊಸದಾಗಿ ಮನೆ ಕಟ್ಟಿದ್ದ. ಹೊಸ ಒಲೆಗೆ ಮೊದಲ ಕೆಂಡ ಹೋದದ್ದು ತವರಿನಿಂದ, ಬ್ಯಾರೆಟ್ ಮನೆಯಿಂದ. ಡೀಲಿಯಾ ಆ ಮದುವೆಯ ಕಥೆಯನ್ನು ಇಪ್ಪತ್ತು ಸಲವಾದರೂ ಹೇಳಿದ್ದಳು.

"ಇನಿಶ್‌ಬಾನ್‌ಗೆ ಹೋಗ್ತೀನಿ," ಅಂದಳು.

ಆಸ್ಟಿನ್ ಹೌಹಾರಿದ. "ಇವತ್ತು ಯಾವ ದಿನ ಗೊತ್ತಾ ನಿಂಗೆ?"

"ಗೊತ್ತು."

ಅಂದು ಮೇ ಒಂದು. ವರ್ಷದಲ್ಲಿ ಅದೊಂದು ದಿನ ನಮ್ಮ ಕಡೆ ಯಾವ ಮನೆಯಿಂದಲೂ ಬೆಂಕಿ ಹೊರಗೆ ಹೋಗುವುದಿಲ್ಲ. ಕೆಂಡ ಇರಲಿ, ಪೈಪು ಹಚ್ಚಿಕೊಂಡವನು ಕೂಡ ಅದನ್ನು ಸೇದಿ ಮುಗಿಸಿಯೇ ಹೊಸಿಲು ದಾಟಬೇಕು. ಅಂದು ಬೆಂಕಿ ಹೋದರೆ ಆ ಮನೆಯ ವರ್ಷದ ಬೆಣ್ಣೆಯೆಲ್ಲ ಅದರ ಹಿಂದೆಯೇ ಹೋಗುತ್ತದೆ, ಎಷ್ಟು ಕಡೆದರೂ ಬರೀ ನೊರೆ. ಅಂದು ಬಂದು ಬೆಂಕಿ ಕೇಳುವವಳು ಬೆಣ್ಣೆಗಳ್ಳಿ. ಸಬೀನಾಳ ತಾಯಿಯ ಕಾಲದಲ್ಲಿ ಒಬ್ಬಳಿಗೆ ಆ ಹೆಸರು ಬಿದ್ದಿತ್ತು. ಅವಳು ಕೇಳಿದ್ದು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಆದರೆ ಅವಳು ಸತ್ತಾಗ ಹೆಣದ ಬಳಿ ಕೂರಲು ಅವಳ ಮಕ್ಕಳ ಹೊರತು ಒಬ್ಬರೂ ಬರಲಿಲ್ಲ.

ಆಸ್ಟಿನ್ ತಾನು ಹೋಗುತ್ತೇನೆ ಎಂದ. ಗಂಡಸಿಗೆ ಬೆಣ್ಣೆಗಳ್ಳ ಎಂದು ಯಾರೂ ಅನ್ನುವುದಿಲ್ಲ, ಹೆಚ್ಚೆಂದರೆ ದಡ್ಡ ಅಂದಾರು, ಅದು ಈಗಾಗಲೇ ಅನ್ನುತ್ತಾರೆ ಎಂದ. ಸಬೀನಾ ಶಾಲು ಹೊದ್ದುಕೊಳ್ಳುತ್ತ, "ಆರಿಸಿದ್ದು ನಾನು," ಎಂದಳು. ಮೂರು ಕಾಲಿನ ಪಾತ್ರೆಯನ್ನು ಕೈಗೆ ತೆಗೆದುಕೊಂಡಳು, ಬೆನ್ನಬುಟ್ಟಿಗೆ ಒಂದಿಷ್ಟು ಒಣ ಹೆಂಟೆ ಹಾಕಿಕೊಂಡಳು, ಹೊರಟಳು.

ರಸ್ತೆಯಲ್ಲಿ ನಾಲ್ಕು ಮೈಲಿ. ಆಮೇಲೆ ಸಮುದ್ರ ಇಳಿದಾಗ ಮಾತ್ರ ಕಾಣುವ ಒಂದು ಮೈಲಿ ಮರಳು. ಅವಳು ದಡ ಮುಟ್ಟುವ ಹೊತ್ತಿಗೆ ನೀರು ಇಳಿದಿತ್ತು. ಬರಿಗಾಲಲ್ಲಿ ಮರಳು ದಾಟಿ ಮಾರ್ಸೆಲಾಳ ಮನೆಯ ಮುಂದೆ ನಿಂತಾಗ ಒಳಗಿನಿಂದ ಬೆಣ್ಣೆ ಕಡೆಯುವ ಸದ್ದು ಕೇಳುತ್ತಿತ್ತು. ಇದಕ್ಕಿಂತ ಕೆಟ್ಟ ಹೊತ್ತು ಅವಳಿಗೆ ಸಿಗುವಂತಿರಲಿಲ್ಲ.

"ದೇವ್ರು ಈ ಕೆಲಸಕ್ಕೆ ಒಳ್ಳೇದು ಮಾಡ್ಲಿ," ಎಂದು ಹೊರಗಿನಿಂದಲೇ ಕೂಗಿದಳು.

ಬಾಗಿಲಿಗೆ ಬಂದದ್ದು ಮಾರ್ಸೆಲಾಳ ಸೊಸೆ ಟೆಸ್ಸಿ. ಮೂವತ್ತರ ಹೆಂಗಸು, ತೋಳು ಮಡಚಿ ಕಟ್ಟಿದ್ದಳು. ಅವಳ ಕಣ್ಣು ನೇರವಾಗಿ ಹೋದದ್ದು ಸಬೀನಾಳ ಕೈಯಲ್ಲಿದ್ದ ಖಾಲಿ ಪಾತ್ರೆಗೆ.

"ಏನಮ್ಮಾ, ಇವತ್ತೇ ಆಗ್ಬೇಕಿತ್ತಾ ನಿಂಗೆ?"

ಸಬೀನಾ ಸುತ್ತಿ ಬಳಸಲಿಲ್ಲ. ತಾನು ಯಾರು, ಯಾರ ಬೆಂಕಿ ಇಟ್ಟುಕೊಂಡಿದ್ದೆ, ಅದು ಹೇಗೆ ಆರಿತು, ನಾಳೆ ಯಾರು ಬರುತ್ತಾರೆ, ಎಲ್ಲ ಹೇಳಿದಳು. ಟೆಸ್ಸಿಯ ಮುಖ ಸಡಿಲವಾಗಲಿಲ್ಲ. ಕಥೆ ಚೆನ್ನಾಗಿದೆ, ಆದರೆ ಬೆಣ್ಣೆಗಳ್ಳಿಯರೂ ಕಥೆ ಇಲ್ಲದೆ ಬರುವುದಿಲ್ಲವಲ್ಲ ಎಂದಳು. ಆ ಮಾತು ಚಾಕುವಿನಂತೆ ಇಳಿಯಿತು. ದೂನ್‌ಕಾರಾದಲ್ಲಿ ಸಬೀನಾಗೆ ಯಾರೂ ಅಂಥ ಮಾತು ಆಡಿದವರಲ್ಲ. ಅವಳ ಕಿವಿ ಕೆಂಪಾಯಿತು. ಪಾತ್ರೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಳು.

"ಇವತ್ತು ನಾನು ಕೇಳ್ತಾನೇ ಇಲ್ಲ," ಅಂದಳು. "ನಾಳೆ ಬೆಳಗ್ಗೆ ಕೇಳ್ತೀನಿ. ಅಲ್ಲೀತನಕ ನಿನ್ನ ಕಣ್ಣೆದುರಿಗೇ ಇರ್ತೀನಿ. ನಿನ್ನ ಬೆಣ್ಣೆ ಒಂದು ಚೂರು ಕಡಿಮೆ ಆದ್ರೆ ನಾಳೆ ಖಾಲಿ ಪಾತ್ರೆ ತಗೊಂಡು ಹೋಗ್ತೀನಿ."

ಟೆಸ್ಸಿ ಇಕ್ಕಟ್ಟಿಗೆ ಸಿಕ್ಕಿದಳು. ಕಡೆಯುವ ಹೊತ್ತಿಗೆ ಬಂದವರು ಯಾರೇ ಆಗಲಿ ಒಳಗೆ ಬಂದು ಕಡೆಗೋಲಿಗೆ ಒಂದು ಕೈ ಹಾಕಲೇಬೇಕು. ಹಾಕದೆ ಹೋದರೂ ಬೆಣ್ಣೆ ಹೋಗುತ್ತದೆ. ಆದರೆ ಮೇ ಒಂದಕ್ಕೆ ಖಾಲಿ ಪಾತ್ರೆ ಹಿಡಿದು ಬಂದವಳ ಕೈಗೆ ಕಡೆಗೋಲು ಕೊಡುವುದೇ? ಒಳಗೆ ಬಾ ಎಂದರೂ ಕಷ್ಟ, ಹೊರಗಿರು ಎಂದರೂ ಕಷ್ಟ. ಅಷ್ಟರಲ್ಲಿ ಒಲೆಯ ಪಕ್ಕದ ಮೂಲೆಯಿಂದ ಮುದುಕಿಯ ದನಿ ಬಂತು. ಮಾರ್ಸೆಲಾಗೆ ಎಂಬತ್ತರ ಹತ್ತಿರ, ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಮೊಲದ್ದು.

"ಯಾರೇ ಅದು? ದೊಡ್ಡ ಪ್ಯಾಡಿ ಮಗಳಾ? ಒಳಗ್ ಬಾ ಮಗಳೇ."

ಸಬೀನಾ ಪಾತ್ರೆಯನ್ನು ಹೊರಗೇ ಬಿಟ್ಟು ಒಳಗೆ ಹೋದಳು. ಮುದುಕಿ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಇಪ್ಪತ್ತು ವರ್ಷ ಬೇರೆ ಬೇರೆ ಇಟ್ಟಿದ್ದೆಯಾ ಎಂದು ಎರಡು ಸಲ ಕೇಳಿದಳು. ಹೌದು ಎಂದಾಗ, ನಿನಗೆ ಬೇರೆ ಕೆಲಸ ಇರಲಿಲ್ಲವೇನೇ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ದನಿ ತಗ್ಗಿಸಿದಳು.

"ನಿನ್ನ ಒಲೇಲೇ ಬೆಂಕಿ ಇತ್ತಲ್ಲ ಮಗಳೇ. ಅದ್ರಿಂದ ಹಚ್ಬಿಟ್ಟಿದ್ರೆ ಯಾರು ಕೇಳ್ತಿದ್ರು?"

"ಯಾರೂ ಕೇಳ್ತಿರ್ಲಿಲ್ಲ."

"ಮತ್ತೆ?"

"ಡೀಲಿಯಾ ನನ್ನ ಹತ್ರ ಬಿಟ್ಟು ಹೋಗಿದ್ದು ನನ್ನ ಬೆಂಕಿ ಅಲ್ಲ."

ಮಾರ್ಸೆಲಾ ಒಲೆಯ ಕಡೆ ಮುಖ ತಿರುಗಿಸಿದಳು. ಆ ಒಲೆಯಲ್ಲಿ ಉರಿಯುತ್ತಿದ್ದದ್ದು ಅವಳು ಹುಡುಗಿಯಾಗಿದ್ದಾಗ ಕೈಕಾಯಿಸಿಕೊಂಡ ಬೆಂಕಿ. ಆಮೇಲೆ ಸೊಸೆಯನ್ನು ಕರೆದು, "ಅವಳ ಕೈಗೆ ಕಡೆಗೋಲು ಕೊಡು," ಎಂದಳು.

ಟೆಸ್ಸಿ ಕೊಟ್ಟಳು. ಕೊಟ್ಟು ಎರಡು ಹೆಜ್ಜೆ ದೂರ ಸರಿದು, ಕಣ್ಣು ಪಿಳುಕಿಸದೆ ನೋಡುತ್ತ ನಿಂತಳು. ಎತ್ತರದ ಮರದ ಪೀಪಾಯಿ, ಉದ್ದನೆಯ ಕೋಲು. ಸಬೀನಾ ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಿಂದಿನ ಮೂರು ದಿನದ ದುಡಿತಕ್ಕೆ ಭುಜ ಹಿಡಿದುಕೊಂಡಿತ್ತು. ಒಂದೇ ಹದದಲ್ಲಿ ಕಡೆದಳು, ಎತ್ತಿದ್ದು ಎತ್ತಿದಷ್ಟೇ, ಇಳಿಸಿದ್ದು ಇಳಿಸಿದಷ್ಟೇ. ಸದ್ದು ತೆಳ್ಳಗಿದ್ದದ್ದು ದಪ್ಪವಾಯಿತು, ಆಮೇಲೆ ಕೋಲು ಭಾರವಾಯಿತು. ಮುಚ್ಚಳ ತೆಗೆದಾಗ ಬೆಣ್ಣೆ ಬಂದಿತ್ತು, ಮೇ ತಿಂಗಳಲ್ಲಿ ಜೌಗಿನಲ್ಲಿ ಅರಳುವ ಹೂವಿನ ಹಳದಿ ಬಣ್ಣದ್ದು, ವಾರದ ಬೆಣ್ಣೆಗೆ ಕಡಿಮೆಯೇನಿರಲಿಲ್ಲ. ಟೆಸ್ಸಿ ಅದನ್ನು ಎತ್ತಿ, ತೊಳೆದು, ಉಪ್ಪು ಹಾಕಿ, ಮರದ ತಟ್ಟೆಯಲ್ಲಿ ಇಟ್ಟು, ಸುತ್ತಲೂ ತಿರುಗಿಸಿ ನೋಡಿದಳು. ಒಂದು ತುಂಡು ಬ್ರೆಡ್ಡಿಗೆ ಆ ಬೆಣ್ಣೆಯನ್ನೇ ದಪ್ಪಗೆ ಹಚ್ಚಿ ತಂದು ಸಬೀನಾಳ ಮುಂದಿಟ್ಟಳು.

ಅಷ್ಟರಲ್ಲಿ ಸಮುದ್ರ ಏರಿ ಮರಳು ಮುಚ್ಚಿಹೋಗಿತ್ತು. ದಿನವಿಡೀ ಅವಳು ಆ ಮನೆಯಲ್ಲೇ ಇದ್ದಳು. ಹರಿದ ಬಲೆ ಹೊಲಿದಳು, ಮುದುಕಿಯ ಕೂದಲು ಬಾಚಿದಳು, ಹಸು ಕರೆಯಲು ಟೆಸ್ಸಿ ಹೋದಾಗ ಕಣ್ಣಿಗೆ ಬೀಳುವ ಹಾಗೆ ಬಾಗಿಲಲ್ಲೇ ನಿಂತಳು. ಒಲೆಯ ಹತ್ತಿರಕ್ಕೆ ಒಮ್ಮೆಯೂ ಹೋಗಲಿಲ್ಲ.

ಮಾರನೆಯ ದಿನ ನೀರು ಇಳಿಯುವ ಹೊತ್ತಿಗೆ ಅವಳು ಪಾತ್ರೆ ತಂದು ಹೊಸಿಲ ಮೇಲಿಟ್ಟು, ಈಗ ಕೇಳುತ್ತಿದ್ದೇನೆ ಎಂದಳು. ಕೆಂಡ ತೆಗೆದು ಹಾಕಿದ್ದು ಮಾರ್ಸೆಲಾ ಅಲ್ಲ, ಟೆಸ್ಸಿ. ಒಲೆಯ ನಡುವಿನಿಂದ ದೊಡ್ಡ ದೊಡ್ಡದನ್ನೇ ಆಯ್ದಳು. ಬೂದಿ ಮುಚ್ಚಿದಳು. ಮುಚ್ಚಳ ಹಾಕುವಾಗ, ದಾರಿಯಲ್ಲಿ ಗಾಳಿ ಜೋರು, ಕಲ್ಲುಗೋಡೆಯ ಮರೆಯಲ್ಲೇ ಹೋಗು ಎಂದಳು.

ಸಬೀನಾ ಮರಳಿನ ಮೇಲೆ ಪಾತ್ರೆಯನ್ನು ಎದೆಗೆ ಅವುಚಿಕೊಂಡು ನಡೆದಳು. ಕಬ್ಬಿಣ ಬಿಸಿಯಾಗಿ ಶಾಲು ಸುಟ್ಟ ವಾಸನೆ ಬಂತು. ಮೈಲಿಗೊಮ್ಮೆ ನಿಂತು ಮುಚ್ಚಳ ತೆರೆದು ಒಂದು ಚೂರು ಹೆಂಟೆ ಹಾಕಿದಳು. ಊರು ಹತ್ತಿರವಾದಾಗ ದಾರಿ ಕವಲೊಡೆಯಿತು. ದಂಡೆಯ ಕಡೆಯಿಂದ ಹೋದರೆ ಯಾರ ಕಣ್ಣಿಗೂ ಬೀಳದೆ ಹಿತ್ತಿಲಿನಿಂದ ಮನೆ ಸೇರಬಹುದಿತ್ತು. ಅವಳು ನಡುರಸ್ತೆ ಹಿಡಿದಳು. ಬಸ್ಸಿಗೆಂದು ಕಾಯುತ್ತ ಊರೆಲ್ಲ ಹೊರಗೇ ಇತ್ತು. ಎಲ್ಲಿಂದ ಬರ್ತಿದ್ದೀಯಾ ಸಬೀನಾ, ಪಾತ್ರೆಯಲ್ಲಿ ಏನು ಎಂದು ಕೇಳಿದ ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟಳು: ಬ್ಯಾರೆಟ್ ಬೆಂಕಿ ನನ್ನ ಕೈಯಲ್ಲಿ ಆರಿಹೋಯಿತು, ಮಾರ್ಸೆಲಾಳ ಮನೆಯಿಂದ ತರುತ್ತಿದ್ದೇನೆ. ಇಪ್ಪತ್ತು ವರ್ಷ ಎಡಗಡೆಯವರು ಕ್ಷೇಮವಾ ಎಂದು ಕೇಳಿದ ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು.

ಮೂರು ಗಂಟೆಗೆ ಬಸ್ಸು ಬಂತು. ಡೀಲಿಯಾ ಇಳಿದಳು. ಅಮೆರಿಕದ ಕೋಟು, ಅಮೆರಿಕದ ಟೋಪಿ, ಅದರ ಕೆಳಗೆ ಬಿಳಿಯಾದ ಕೂದಲು. ಊರಿನವರನ್ನೆಲ್ಲ ತಬ್ಬಿಕೊಂಡು, ಎಲ್ಲರ ಜೊತೆಗೂ ಒಟ್ಟಿಗೇ ಮಾತಾಡುತ್ತ ಬಂದು, ತನ್ನ ಮನೆಯ ಬಾಗಿಲಲ್ಲಿ ಸಬೀನಾ ಪಾತ್ರೆ ಹಿಡಿದು ನಿಂತದ್ದನ್ನು ಕಂಡು ಮಾತು ನಿಲ್ಲಿಸಿದಳು.

"ನೀನು ಕೊಟ್ಟಿದ್ದು ಮೊನ್ನೆ ರಾತ್ರಿ ಆರಿಹೋಯ್ತು," ಅಂದಳು ಸಬೀನಾ. "ನನ್ನ ತಪ್ಪು. ಇದು ಮಾರ್ಸೆಲಾ ಮನೇದು. ನಿಮ್ಮದೇ ಬೆಂಕಿ. ಆದ್ರೆ ನಾನು ಉಳಿಸಿದ್ದಲ್ಲ."

ಡೀಲಿಯಾ ಅವಳನ್ನು ನೋಡಿದಳು. ಸುಟ್ಟ ಶಾಲನ್ನು ನೋಡಿದಳು, ಮರಳು ಮೆತ್ತಿದ ಕಾಲನ್ನು ನೋಡಿದಳು.

"ಇಪ್ಪತ್ತು ವರ್ಷಕ್ಕೆ ಒಂದ್ಸಲ," ಅಂದಳು. "ಕ್ಲೀವ್‌ಲ್ಯಾಂಡ್‌ನಲ್ಲಿ ನನ್ನ ಅಡುಗೆಮನೆ ಬೆಂಕಿ ದಿನಕ್ಕೆ ಮೂರು ಸಲ ಆರ್ತಿತ್ತು ಕಣೇ. ಗ್ಯಾಸಿನ ಹಿಡಿ ತಿರುಗಿಸಿದ್ರೆ ಬಂತು, ತಿರುಗಿಸಿದ್ರೆ ಹೋಯ್ತು. ಅದು ಹೋಯ್ತಲ್ಲಾ ಅಂತ ಒಂದಿನಾನೂ ಯಾರೂ ನಿಂತು ನೋಡ್ಲಿಲ್ಲ."

ಇಬ್ಬರೂ ಸೇರಿ ಕೆಂಡವನ್ನು ಒಲೆಗೆ ಸುರಿದರು. ಡೀಲಿಯಾ ಅಮೆರಿಕದ ಕೋಟಿನಲ್ಲೇ ಮಂಡಿಯೂರಿ ಊದಿದಳು. ಹೊರಗೆ ನಿಂತವರು ಮೊದಲು ಹೊಗೆ ಕಂಡರು. ಆಸ್ಟಿನ್ ಗೋಡೆಗೆ ಒರಗಿ ನಿಂತು, ಇನ್ನು ಜೌಗಿನಲ್ಲಿ ನಾಲ್ಕು ದಿನ ಉಳಿಯಿತು ಎಂದು ಪಕ್ಕದವನಿಗೆ ಹೇಳಿದ. ಆದರೆ ಅವನ ಕಣ್ಣು ತುಂಬಿತ್ತು ಎಂದು ಆ ಪಕ್ಕದವನೇ ಆಮೇಲೆ ಊರಿಗೆಲ್ಲ ಸಾರಿದ.

ಸಬೀನಾ ಮಾತ್ರ ಅಂದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಪ್ಪತ್ತು ವರ್ಷ ಒಂದು ಮಾತು ಉಳಿಸಿಕೊಂಡು, ಕೊನೆಯ ಎರಡು ದಿನದಲ್ಲಿ ಕಳೆದುಕೊಂಡೆ ಎಂಬುದು ಅವಳ ಮನಸ್ಸಿನಿಂದ ಇಳಿದಿರಲಿಲ್ಲ. ಇನ್ನು ಮುಂದೆ ಯಾರೂ ನನ್ನ ಕೈಗೆ ಏನನ್ನೂ ಕೊಡುವುದಿಲ್ಲ, ಕೊಡಲೂಬಾರದು ಎಂದು ಆಸ್ಟಿನ್‌ಗೆ ಹೇಳಿದಳು. ಅಂದಿನಿಂದ ಮಲಗುವ ಮುಂಚೆ ಬೆಂಕಿ ಮುಚ್ಚುವಾಗ ಇಕ್ಕಳವನ್ನು ಒಂದು ದಿನ ತಾನು, ಒಂದು ದಿನ ಅವನು ಹಿಡಿಯುವಂತೆ ಮಾಡಿದಳು.

ಆ ವರ್ಷ ಅಕ್ಟೋಬರಿನಲ್ಲಿ ಡೊಮಿನಿಕ್ ಪ್ಯಾಡನ್‌ನ ಮನೆಯವರು ಲೀಡ್ಸ್‌ಗೆ ಹೊರಟರು. ಅವರ ಮನೆ ಊರಿನ ಆ ತುದಿಯಲ್ಲಿತ್ತು. ಅವರಿಗೂ ಲವೆಲ್ ಮನೆಗೂ ನಡುವೆ ಒಂಬತ್ತು ಒಲೆಗಳಿದ್ದವು. ಡೊಮಿನಿಕ್‌ನ ಹೆಂಡತಿ ಕೆಂಡದ ಪಾತ್ರೆ ಹಿಡಿದು ಆ ಒಂಬತ್ತೂ ಬಾಗಿಲು ದಾಟಿಕೊಂಡು ಬಂದು ಸಬೀನಾಳ ಮುಂದೆ ನಿಂತಳು.

ಸಬೀನಾ ಕೈ ಚಾಚಲಿಲ್ಲ. "ನನ್ನ ಕೈಲಿ ಒಂದ್ಸಲ ಆರಿದೆ. ಊರಿಗೆಲ್ಲ ಗೊತ್ತು."

"ಗೊತ್ತು," ಅಂದಳು ಅವಳು. "ಅದಕ್ಕೇ ನಿನ್ನ ಹತ್ರ ತಂದೆ."

ಸಬೀನಾ ಪಾತ್ರೆಯ ಮುಚ್ಚಳ ತೆಗೆದು ಕೆಂಡವನ್ನು ನೋಡಿದಳು. ಆಮೇಲೆ ಅದನ್ನು ತೆಗೆದುಕೊಂಡು ಎಡಮೂಲೆಯ ಕಲ್ಲಿನ ಹತ್ತಿರ ಇಟ್ಟಳು, ಒಂದು ಕುರ್ಚಿ ಎಳೆದು ಡೊಮಿನಿಕ್‌ನ ಹೆಂಡತಿಯನ್ನು ಕೂರಿಸಿದಳು, ತಾನೂ ಎದುರಿಗೆ ಕೂತಳು.

"ಈ ಬೆಂಕಿ ಇನ್ನೂ ಯಾರ್ಯಾರ ಮನೇಲಿದೆ," ಅಂದಳು, "ಮೊದ್ಲು ಅದನ್ನ ಹೇಳು."